ಎರಡು ಲಕ್ಷಕ್ಕೊಬ್ಬರ ಕಾಯಿಲೆ, ಅದಕ್ಕೊಬ್ಬ ಡಾಕ್ಟರ್

ಹೆಂಗಸೊಬ್ಬಳಿಗೆ ಮೂವತ್ತರ ಆಸುಪಾಸು. ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಆದರೂ ಬಿಂದಿಗೆ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಊರಿನ ಡಾಕ್ಟರು ಅಸ್ತಮಾ ಇರಬಹುದು ಅಂತ ಪಂಪು ಬರೆದುಕೊಡುತ್ತಾರೆ. ಕಡಿಮೆಯಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತಾರೆ. ಟಿ.ಬಿ. ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಎದೆಯ ಒಂದು ಬದಿ ಚುಚ್ಚಿದಂತಾಗಿ ಉಸಿರು ಸಿಕ್ಕಿಕೊಳ್ಳುತ್ತದೆ. ಎಕ್ಸ್‌ರೇ ತೆಗೆದರೆ ಒಂದು ಶ್ವಾಸಕೋಶ ಗಾಳಿ ಹೋದ ಬಲೂನಿನಂತೆ ಮುದುಡಿಕೊಂಡಿದೆ.

ಇದು ಯಾರೋ ಒಬ್ಬರ ಕಥೆಯಲ್ಲ. ಒಂದು ಅಪರೂಪದ ಶ್ವಾಸಕೋಶದ ಕಾಯಿಲೆ ಬಂದ ಎಷ್ಟೋ ಹೆಂಗಸರು, ಯಾವ ದೇಶದವರಾದರೂ, ಹಾದುಬಂದ ದಾರಿ ಇದು. ಕಾಯಿಲೆಯ ಹೆಸರು ಲಿಂಫಾಂಜಿಯೋಲಿಯೋಮಯೋಮಟೋಸಿಸ್. ಅಷ್ಟುದ್ದ ಹೇಳಲಾಗದೆ ಡಾಕ್ಟರುಗಳೂ ಲ್ಯಾಮ್ ಎಂದೇ ಕರೆಯುತ್ತಾರೆ.

ಇಂಥ ಕಾಯಿಲೆ ಮನೆಗೆ ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಬಲ್ಲ ಡಾಕ್ಟರು ನಮ್ಮ ಹತ್ತಿರ ಎಲ್ಲಿದ್ದಾರೆ? ಈ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಿಕೊಂಡ ಚರಿತ್ರೆ ಇಲ್ಲಿದೆ. ಅದರಲ್ಲಿ ಒಬ್ಬ ತಾಯಿ ಇದ್ದಾಳೆ, ಬನಾರಸ್‌ನಲ್ಲಿ ಓದಿದ ಒಬ್ಬ ವಿಜ್ಞಾನಿ ಇದ್ದಾರೆ, ಸಮುದ್ರದ ನಡುವಿನ ಒಂದು ದ್ವೀಪದ ಹಿಡಿ ಮಣ್ಣೂ ಇದೆ.

ಮೊದಲು ಒಂದು ಲೆಕ್ಕ

ಲ್ಯಾಮ್ ಬರುವುದು ಹೆಚ್ಚುಕಡಿಮೆ ಹೆಂಗಸರಿಗೆ ಮಾತ್ರ, ಅದೂ ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನಲ್ಲಿ. ಸ್ನಾಯುವಿನಂಥ ಜೀವಕೋಶಗಳು ಶ್ವಾಸಕೋಶದೊಳಗೆ ಬೇಡದ ಕಡೆ ಬೆಳೆಯುತ್ತವೆ. ಅವು ಬೆಳೆದಲ್ಲೆಲ್ಲ ಶ್ವಾಸಕೋಶ ಸವೆದು ತೂತು ಬೀಳುತ್ತದೆ. ಮೈಸೂರುಪಾಕು ಮುರಿದಾಗ ಒಳಗೆ ಕಾಣುವ ತೂತುಗಳನ್ನು ನೆನಪಿಸಿಕೊಳ್ಳಿ, ಸ್ಕ್ಯಾನಿಂಗ್‌ನಲ್ಲಿ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಅಂಥ ಒಂದು ತೂತು ಒಡೆದು ಗಾಳಿ ಹೊರಗೆ ಸೋರಿದರೆ ಶ್ವಾಸಕೋಶ ಮುದುಡುತ್ತದೆ. ಕೆಲವರಿಗೆ ಎದೆಯೊಳಗೆ ಹಾಲಿನಂಥ ಬಿಳಿ ನೀರು ತುಂಬಿಕೊಳ್ಳುತ್ತದೆ. ಕೆಲವರ ಕಿಡ್ನಿಯಲ್ಲಿ ಗಡ್ಡೆಗಳೂ ಇರುತ್ತವೆ.

ಹತ್ತು ಲಕ್ಷ ಹೆಂಗಸರಲ್ಲಿ ಸುಮಾರು ಐದು ಮಂದಿಗೆ ಈ ಕಾಯಿಲೆ ಇರಬಹುದೆಂದು ಅಂದಾಜು. ಅಂದರೆ ಎರಡು ಲಕ್ಷಕ್ಕೊಬ್ಬರು. 20 ಲಕ್ಷ ಜನರಿರುವ ಒಂದು ಜಿಲ್ಲೆಯಲ್ಲಿ ಐದು ಜನ. ಒಂದು ತಾಲ್ಲೂಕಿನಲ್ಲಿ ಒಬ್ಬರಿದ್ದರೆ ಇದ್ದಾರು, ಇಲ್ಲದಿದ್ದರೆ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಮೂವತ್ತು ವರ್ಷ ಸೇವೆ ಮಾಡಿದ ಒಳ್ಳೆಯ ಡಾಕ್ಟರು ಒಬ್ಬ ಲ್ಯಾಮ್ ರೋಗಿಯನ್ನೂ ಗುರುತಿಸದೆ ನಿವೃತ್ತರಾಗಬಹುದು. ಅದು ಅವರ ತಪ್ಪಲ್ಲ. ಹಾವು ಕಚ್ಚಿದವರನ್ನು ನೂರಾರು ಸಲ ನೋಡಿದ ಡಾಕ್ಟರಿಗೆ ಹಾವಿನ ವಿಷದ ಅನುಭವ ಬರುತ್ತದೆ. ನೋಡದೇ ಇರುವ ಕಾಯಿಲೆಯ ಅನುಭವ ಎಲ್ಲಿಂದ ಬರಬೇಕು?

ಚೆಲ್ಲಿಹೋದ ತಿಳಿವಳಿಕೆ

ಚರಿತ್ರೆಯಲ್ಲೂ ಹೀಗೇ ಆಯಿತು. 1918ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲುಟೆಂಬಾಷೆ, ಶ್ವಾಸಕೋಶ ಮುದುಡಿ ತೀರಿಕೊಂಡ ಒಬ್ಬ ಹೆಂಗಸಿನ ಬಗ್ಗೆ ಬರೆದರು. ಅವಳ ಶ್ವಾಸಕೋಶದ ತುಂಬ ತೂತುಗಳಿದ್ದವು. ಲ್ಯಾಮ್ ಬಗ್ಗೆ ಸಿಗುವ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಆಮೇಲಿನ ದಶಕಗಳಲ್ಲಿ ಅಲ್ಲೊಬ್ಬ ಡಾಕ್ಟರು, ಇಲ್ಲೊಬ್ಬ ಡಾಕ್ಟರು ತಾವು ಕಂಡ ಒಂದೊಂದು ರೋಗಿಯ ವಿವರ ಬರೆದಿಟ್ಟರು. ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟರು. ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿಲ್ಲ.

1966ರ ಹೊತ್ತಿಗೆ ಅಮೆರಿಕದ ಕಾರ್ನಾಗ್ ಮತ್ತು ಎಂಟರ್‌ಲೈನ್ ಎಂಬ ರೋಗಶಾಸ್ತ್ರಜ್ಞರು ಹೀಗೆ ಚೆಲ್ಲಿದ್ದ ವಿವರಗಳನ್ನು ಒಂದೆಡೆ ಇಟ್ಟು, ಬೇರೆ ಬೇರೆ ಹೆಸರಿನಲ್ಲಿ ಕರೆದದ್ದು ಒಂದೇ ಕಾಯಿಲೆ ಎಂದು ತೋರಿಸಿದರು. 1990ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಈ ರೋಗಿಗಳ ಸ್ಥಿತಿಗತಿಯ ಬಗ್ಗೆ ಲೇಖನವೊಂದು ಬಂತು. ಎಷ್ಟು ರೋಗಿಗಳ ವಿವರ ಅದರಲ್ಲಿತ್ತು ಗೊತ್ತೇ? ಬರೀ 32. ಆ ಕಾಲಕ್ಕೆ ಅದೇ ದೊಡ್ಡ ಸಂಖ್ಯೆ.

ಹಳೆಯ ಪುಸ್ತಕಗಳಲ್ಲಿ ಇದ್ದದ್ದು ಒಂದೇ ಮಾತು: ಉಸಿರಾಟದ ತೊಂದರೆ ಶುರುವಾದ ಹತ್ತು ವರ್ಷದೊಳಗೆ ಹೆಚ್ಚಿನವರು ತೀರಿಕೊಳ್ಳುತ್ತಾರೆ. ಮದ್ದಿಲ್ಲ. ಹೆಣ್ಣಿನ ಹಾರ್ಮೋನಿಗೂ ಈ ಕಾಯಿಲೆಗೂ ನಂಟಿದೆ ಎಂಬ ಗುಮಾನಿಯ ಮೇಲೆ ಎಷ್ಟೋ ಹೆಂಗಸರ ಅಂಡಾಶಯವನ್ನೇ ತೆಗೆದುಹಾಕಿದ್ದರು.

ಸಿನ್ಸಿನಾಟಿಯ ಒಬ್ಬ ತಾಯಿ

1990ರ ದಶಕದ ನಡುವಿನಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ಸೂ ಬರ್ನ್ಸ್ ಎಂಬುವರ ಮಗಳಿಗೆ ಲ್ಯಾಮ್ ಇರುವುದು ಗೊತ್ತಾಯಿತು. ಮಗಳಿಗೆ ಇನ್ನೂ ಇಪ್ಪತ್ತರ ಹರೆಯ. ಸೂ ಬರ್ನ್ಸ್ ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಓದಲು ಸಿಕ್ಕಿದ್ದು ಆ ಹಳೆಯ, ಎದೆ ಒಡೆಯುವ ಮಾತುಗಳೇ. ಈ ಕಾಯಿಲೆಗೆಂದೇ ಇರುವ ಸಂಸ್ಥೆ ಇರಲಿಲ್ಲ, ಮದ್ದಿಗಾಗಿ ಹುಡುಕಾಟವೂ ಹೆಚ್ಚೇನೂ ನಡೆದಿರಲಿಲ್ಲ.

ಅವರು 1995ರಲ್ಲಿ ಲ್ಯಾಮ್ ಫೌಂಡೇಶನ್ ಕಟ್ಟಿದರು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಶ್ವಾಸಕೋಶ ತಜ್ಞ ಫ್ರಾಂಕ್ ಮೆಕಾರ್ಮಾಕ್ ಅವರ ಜೊತೆಗೂಡಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೆಕಾರ್ಮಾಕ್ ಆಗ ಮುಖ್ಯವಾಗಿ ಅಧ್ಯಯನ ಮಾಡುತ್ತಿದ್ದದ್ದು ಲ್ಯಾಮ್ ಬಗ್ಗೆ ಅಲ್ಲ. ಶ್ವಾಸಕೋಶದ ಗಾಳಿಗೂಡುಗಳು ಅಂಟಿಕೊಳ್ಳದಂತೆ ಕಾಯುವ ದ್ರವದ ಪ್ರೋಟೀನುಗಳು ಅವರ ವಿಷಯ. ಇಂದು ಜಗತ್ತಿನಲ್ಲಿ ಲ್ಯಾಮ್ ಬಲ್ಲ ಡಾಕ್ಟರುಗಳ ಹೆಸರು ಹೇಳಿ ಎಂದರೆ ಮೊದಲ ಸಾಲಿನಲ್ಲಿ ಬರುವ ಹೆಸರು ಅವರದು. ಆ ಅನುಭವ ಅವರಿಗೆ ಬಂದದ್ದು ರೋಗಿಗಳು ಅವರ ಹತ್ತಿರ ಒಟ್ಟುಗೂಡಿದ್ದರಿಂದ.

ಅದಾದ ಮೇಲೆ ಕೆಲಸ ಬೇಗ ಬೇಗ ಸಾಗಿತು. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಲ್ಯಾಮ್ ರೋಗಿಗಳ ನೋಂದಣಿ ಶುರುಮಾಡಿತು. 2006ರಲ್ಲಿ 230 ಹೆಂಗಸರ ವಿವರ ಒಟ್ಟಿಗೆ ಪ್ರಕಟವಾಯಿತು. 32 ಎಲ್ಲಿ, 230 ಎಲ್ಲಿ! ಹೆಚ್ಚು ಜನರನ್ನು ನೋಡಿದಾಗ ಹಳೆಯ ಮಾತೂ ಬದಲಾಯಿತು. ಹತ್ತು ವರ್ಷ ಎಂಬ ಗಡುವು ಎಲ್ಲರಿಗೂ ಸರಿಯಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುವವರು ಬಹಳ ಮಂದಿ ಇದ್ದಾರೆ ಎಂದು ಗೊತ್ತಾಯಿತು.

ಈ ನಡುವೆ, 2000ದಲ್ಲಿ, ಎಲಿಜಬೆತ್ ಹೆನ್ಸ್‌ಕೆ ಮತ್ತು ಅವರ ತಂಡ ಲ್ಯಾಮ್‌ನ ಬೇರು ಹಿಡಿದರು. ಟಿಎಸ್‌ಸಿ2 ಎಂಬ ವಂಶವಾಹಿ ಕೆಟ್ಟಾಗ ಈ ಕಾಯಿಲೆ ಬರುತ್ತದೆ ಎಂದು ತೋರಿಸಿದರು. ಈ ವಂಶವಾಹಿ ಜೀವಕೋಶ ಬೆಳೆಯುವುದಕ್ಕೆ ಬ್ರೇಕ್ ಇದ್ದ ಹಾಗೆ. ಬ್ರೇಕ್ ಕೆಟ್ಟರೆ ಎಂಟಾರ್ ಎಂಬ ಇನ್ನೊಂದು ಪ್ರೋಟೀನು ಕೋಶಗಳನ್ನು ಎಡೆಬಿಡದೆ ಬೆಳೆಸುತ್ತದೆ. ಹಾಗಾದರೆ ಎಂಟಾರ್ ಅನ್ನು ತಡೆಯುವ ಮದ್ದು ಬೇಕು. ವಿಚಿತ್ರವೆಂದರೆ ಆ ಮದ್ದು ಅಷ್ಟರಲ್ಲಾಗಲೇ ಇತ್ತು!

ರಾಪಾ ನೂಯಿಯ ಮಣ್ಣು

ಅದರ ಕಥೆಗೆ ಮೂವತ್ತಾರು ವರ್ಷ ಹಿಂದೆ ಹೋಗಬೇಕು. 1964ರ ಕೊನೆಯಲ್ಲಿ ಕೆನಡಾದಿಂದ ವೈದ್ಯರು, ವಿಜ್ಞಾನಿಗಳ ಒಂದು ತಂಡ ಹಡಗಿನಲ್ಲಿ ಈಸ್ಟರ್ ದ್ವೀಪಕ್ಕೆ ಹೋಯಿತು. ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಸೇರಿದ, ದಡದಿಂದ ಮೂರು ಸಾವಿರ ಕಿಲೋಮೀಟರಿಗೂ ದೂರದ ಪುಟ್ಟ ದ್ವೀಪ. ಅಲ್ಲಿನ ಜನ ತಮ್ಮ ನೆಲವನ್ನು ರಾಪಾ ನೂಯಿ ಎನ್ನುತ್ತಾರೆ.

ತಂಡದಲ್ಲಿದ್ದ ಜಾರ್ಜ್ ನೋಗ್ರಾಡಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿಗೆ ಒಂದು ಕುತೂಹಲ. ಜನ ಬರಿಗಾಲಲ್ಲಿ ಓಡಾಡುತ್ತಾರೆ, ಸುತ್ತ ಕುದುರೆಗಳಿವೆ, ಆದರೂ ಧನುರ್ವಾಯು ಏಕಿಲ್ಲ? ಉತ್ತರ ಹುಡುಕಲು ದ್ವೀಪವನ್ನು 67 ಭಾಗ ಮಾಡಿ ಒಂದೊಂದರಿಂದಲೂ ಮಣ್ಣು ತೆಗೆದುಕೊಂಡರು. ಆ ಮಣ್ಣು ಮುಂದೆ ಮಾಂಟ್ರಿಯಲ್‌ನ ಅಯರ್ಸ್ಟ್ ಎಂಬ ಔಷಧ ಕಂಪನಿಯ ಪ್ರಯೋಗಾಲಯ ಸೇರಿತು.

ಅಲ್ಲಿ ಕೆಲಸ ಮಾಡುತ್ತಿದ್ದವರು ಸುರೇಂದ್ರನಾಥ್ ಸೆಹಗಲ್. 1932ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಖುಶಾಬ್‌ನಲ್ಲಿ ಹುಟ್ಟಿದವರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ಶಾಸ್ತ್ರ ಓದಿ, ಇಂಗ್ಲೆಂಡಿನಲ್ಲಿ ಪಿಎಚ್‌.ಡಿ. ಮಾಡಿ ಕೆನಡಾಕ್ಕೆ ಹೋದವರು. ಆ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾ ಶಿಲೀಂಧ್ರವನ್ನು ಕೊಲ್ಲುವ ವಸ್ತುವೊಂದನ್ನು ತಯಾರಿಸುತ್ತದೆ ಎಂದು ಅವರೂ ಜೊತೆಗಾರರೂ ಕಂಡುಕೊಂಡು 1975ರಲ್ಲಿ ಪ್ರಕಟಿಸಿದರು. ದ್ವೀಪದ ಹೆಸರಿನಿಂದಲೇ ಅದಕ್ಕೆ ರಾಪಾಮೈಸಿನ್ ಎಂದು ಹೆಸರಿಟ್ಟರು. ಇನ್ನೊಂದು ಹೆಸರು ಸಿರೊಲಿಮಸ್.

ಆದರೆ ಅದು ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತಿತ್ತು. ಶಿಲೀಂಧ್ರದ ಮದ್ದಾಗಿ ಬಳಸುವಂತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕಂಪನಿ ಮಾಂಟ್ರಿಯಲ್ ಪ್ರಯೋಗಾಲಯವನ್ನೇ ಮುಚ್ಚಿತು. ಸೆಹಗಲ್ ಅಮೆರಿಕಕ್ಕೆ ಹೊರಡುವ ಮುಂಚೆ ಆ ಬ್ಯಾಕ್ಟೀರಿಯಾವನ್ನು ಮನೆಗೆ ತಂದು ಫ್ರೀಜರಿನಲ್ಲಿಟ್ಟು, ಹೊಸ ಮನೆಗೂ ಜೋಪಾನವಾಗಿ ಸಾಗಿಸಿದರು. ಕೆಲವು ವರ್ಷದ ನಂತರ ಕಂಪನಿಯ ಹೊಸ ಆಡಳಿತದ ಮನವೊಲಿಸಿ ಕೆಲಸ ಮತ್ತೆ ಶುರುಮಾಡಿದರು. 1999ರಲ್ಲಿ, ಕಿಡ್ನಿ ಕಸಿ ಮಾಡಿಸಿಕೊಂಡವರ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಮದ್ದಾಗಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೆಹಗಲ್ 2003ರಲ್ಲಿ ತೀರಿಕೊಂಡರು. ಅದೇ ಮದ್ದು ಲ್ಯಾಮ್ ಪೀಡಿತ ಹೆಂಗಸರ ಉಸಿರು ಕಾಯುವುದನ್ನು ನೋಡಲು ಅವರಿರಲಿಲ್ಲ.

89 ಹೆಂಗಸರು

ಸಿರೊಲಿಮಸ್ ತಡೆಯುವುದು ಅದೇ ಎಂಟಾರ್ ಅನ್ನು! ಎಂಟಾರ್‌ನ ಹೆಸರಲ್ಲೇ ರಾಪಾಮೈಸಿನ್ ಇದೆ, ಆ ಮದ್ದು ಹೋಗಿ ತಾಕುವ ಗುರಿ ಎಂಬುದೇ ಅದರ ಅರ್ಥ. ಸಿನ್ಸಿನಾಟಿಯ ಡಾಕ್ಟರುಗಳು ಮೊದಲು ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದರು. 2008ರಲ್ಲಿ ಬಂದ ಆ ಫಲಿತಾಂಶದಲ್ಲಿ ಕಿಡ್ನಿಯ ಗಡ್ಡೆಗಳು ಕುಗ್ಗಿದ್ದವು, ಕೆಲವರ ಉಸಿರಾಟವೂ ಸುಧಾರಿಸಿತ್ತು.

ಸರಿಯಾದ ಪರೀಕ್ಷೆಗೆ ಇನ್ನೂ ಹೆಚ್ಚು ರೋಗಿಗಳು ಬೇಕಿತ್ತು. ಒಂದು ದೇಶದಲ್ಲಿ ಅಷ್ಟು ಜನ ಸಿಗುವುದು ಕಷ್ಟ. ಅಮೆರಿಕ, ಕೆನಡಾ, ಜಪಾನ್ ಮೂರೂ ದೇಶಗಳಿಂದ 89 ಹೆಂಗಸರು ಸೇರಿದರು. 46 ಮಂದಿಗೆ ಸಿರೊಲಿಮಸ್, 43 ಮಂದಿಗೆ ಮದ್ದಿಲ್ಲದ ಬರೀ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ಡಾಕ್ಟರುಗಳಿಗೂ ಗೊತ್ತಿರಲಿಲ್ಲ. ಬರೀ ಮಾತ್ರೆಯೇ ಸಿಕ್ಕಿರಬಹುದು ಎಂದು ಗೊತ್ತಿದ್ದೂ ಅವರು ಒಂದು ವರ್ಷ ನುಂಗಿದರು. ಆ ವರ್ಷದಲ್ಲಿ ತಮ್ಮ ಉಸಿರು ಇಳಿಯುತ್ತಾ ಹೋಗಬಹುದು ಎಂಬುದೂ ಅವರಿಗೆ ತಿಳಿದಿತ್ತು.

2011ರಲ್ಲಿ ಫಲಿತಾಂಶ ಬಂತು. ಬರೀ ಮಾತ್ರೆ ತೆಗೆದುಕೊಂಡವರು ಒಂದು ಸೆಕೆಂಡಿನಲ್ಲಿ ಜೋರಾಗಿ ಊದಿ ಹೊರಹಾಕುವ ಗಾಳಿ ತಿಂಗಳಿಗೆ ಸರಾಸರಿ 12 ಮಿಲಿಲೀಟರ್ ಕಡಿಮೆಯಾಗುತ್ತಾ ಹೋಗಿತ್ತು. ಸಿರೊಲಿಮಸ್ ತೆಗೆದುಕೊಂಡವರಲ್ಲಿ ಇಳಿಕೆ ನಿಂತಿತ್ತು. ಮದ್ದು ನಿಲ್ಲಿಸಿದ ಮೇಲೆ ಅವರಲ್ಲೂ ಇಳಿಕೆ ಮತ್ತೆ ಶುರುವಾಯಿತು. ಅಂದರೆ ಇದು ಕಾಯಿಲೆಯನ್ನು ಬುಡಸಮೇತ ಕೀಳುವ ಮದ್ದಲ್ಲ, ಹಿಡಿದು ನಿಲ್ಲಿಸುವ ಮದ್ದು. 2014ರಲ್ಲಿ ಜಪಾನ್, 2015ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಲ್ಯಾಮ್‌ಗೆ ಸಿಕ್ಕ ಮೊದಲ ಮದ್ದು ಇದು.

ನಮ್ಮ ಊರಿನಲ್ಲಿ ಯಾರನ್ನು ಕೇಳೋಣ?

ಲ್ಯಾಮ್ ಫೌಂಡೇಶನ್ ಮಾಡಿದ ಇನ್ನೊಂದು ಕೆಲಸ, ಈ ರೋಗಿಗಳನ್ನು ನೋಡಿ ಪಳಗಿದ ಆಸ್ಪತ್ರೆಗಳ ಜಾಲ. ರೋಗಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಆ ದೂರದ ತಜ್ಞರ ಹತ್ತಿರ ಹೋಗುತ್ತಾಳೆ. ಉಳಿದ ದಿನಗಳಲ್ಲಿ ನೋಡಿಕೊಳ್ಳುವುದು ಊರಿನ ಡಾಕ್ಟರೇ. ರಾತ್ರೋರಾತ್ರಿ ಶ್ವಾಸಕೋಶ ಮುದುಡಿದರೆ ದೂರದ ತಜ್ಞರು ಓಡಿಬರಲಾಗುವುದಿಲ್ಲ. ಹೀಗೆ ಇಬ್ಬರೂ ಬೇಕು, ಇಬ್ಬರ ನಡುವೆ ಕಾಗದಪತ್ರ ಓಡಾಡಬೇಕು.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮಲ್ಲಿ ಎದೆರೋಗದ ಡಾಕ್ಟರುಗಳನ್ನು ಜನ ಇಂದಿಗೂ ಟಿ.ಬಿ. ಡಾಕ್ಟರು ಎನ್ನುವುದುಂಟು. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಬೆಳೆದದ್ದೇ ಕ್ಷಯರೋಗದ ಸ್ಯಾನಟೋರಿಯಂನಿಂದ. ಇಂದು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಪಲ್ಮನರಿ ಮೆಡಿಸಿನ್ ಎಂಬ ಬೋರ್ಡ್ ಇರುವ ವಿಭಾಗ ಇರುತ್ತದೆ. ಅಪರೂಪದ ಶ್ವಾಸಕೋಶದ ಕಾಯಿಲೆಯ ಗುಮಾನಿ ಇದ್ದರೆ ಹುಡುಕಾಟ ಅಲ್ಲಿಂದ ಶುರುವಾಗಲಿ.

ಯಾವಾಗ ಗುಮಾನಿ ಪಡಬೇಕು? ಹೊಗೆಬತ್ತಿ ಸೇದದ, ಚಿಕ್ಕ ವಯಸ್ಸಿನ ಹೆಂಗಸಿಗೆ ಪಂಪಿನಿಂದ ಕಡಿಮೆಯಾಗದ ಏದುಸಿರಿದ್ದರೆ. ಶ್ವಾಸಕೋಶ ಒಂದು ಸಲ ಮುದುಡಿದ್ದರೂ. ಎದೆಯಿಂದ ಹಾಲಿನಂಥ ನೀರು ತೆಗೆದಿದ್ದರೆ. ಚಿಕ್ಕಂದಿನಿಂದ ಮೂರ್ಛೆ ಬರುವ, ಮುಖದ ಮೇಲೆ ಸಣ್ಣ ಗುಳ್ಳೆಗಳಿರುವ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಅವಳಿಗಿದ್ದರೆ. ಸಾದಾ ಎಕ್ಸ್‌ರೇಯಲ್ಲಿ ಲ್ಯಾಮ್ ಕಾಣದೇ ಹೋಗಬಹುದು. ತೂತುಗಳು ಚೆನ್ನಾಗಿ ಕಾಣುವುದು ಎಚ್‌ಆರ್‌ಸಿಟಿ ಎಂಬ ಸ್ಕ್ಯಾನಿಂಗ್‌ನಲ್ಲಿ. ಅದು ಬೇಕೇ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಗರ್ಭಿಣಿಯಾಗುವ ಯೋಚನೆಯಿದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಲ್ಯಾಮ್ ಇದ್ದವರಿಗೆ ಎರಡರಿಂದಲೂ ತೊಂದರೆ ಹೆಚ್ಚಬಹುದು. ಎದೆಯಲ್ಲಿ ಹಠಾತ್ ನೋವು, ಉಸಿರು ಸಿಕ್ಕಿಕೊಳ್ಳುವುದು ಆದರೆ ತಜ್ಞರನ್ನು ಹುಡುಕುತ್ತಾ ಕೂರಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ.

ಸಿರೊಲಿಮಸ್ ನಮ್ಮ ದೇಶದಲ್ಲೂ ಸಿಗುತ್ತದೆ, ಕಿಡ್ನಿ ಕಸಿಯಾದವರಿಗೆ ಕೊಡುತ್ತಾರೆ. ಆದರೆ ಲ್ಯಾಮ್ ಇರುವ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬಾಯಿಹುಣ್ಣು, ಭೇದಿ, ಕೊಲೆಸ್ಟ್ರಾಲ್ ಏರುವುದು, ಸೋಂಕು ತಗಲುವ ಭಯ ಎಲ್ಲ ಇದೆ. ಡಾಕ್ಟರು ಹೇಳದೆ ತೆಗೆದುಕೊಳ್ಳುವ ಮದ್ದಲ್ಲ.

ಕೊನೆಗೊಂದು ಮಾತು. ಸ್ಕ್ಯಾನಿಂಗ್ ಫಿಲ್ಮು, ಸಿ.ಡಿ., ಉಸಿರು ಊದಿಸಿದ ಪರೀಕ್ಷೆಯ ಚೀಟಿ, ಡಿಸ್ಚಾರ್ಜ್ ಕಾಗದ ಯಾವುದನ್ನೂ ಎಸೆಯಬೇಡಿ. ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ. ಡಾಕ್ಟರನ್ನು ನೇರವಾಗಿ, ಮರ್ಯಾದೆಯಿಂದ ಕೇಳಿ: "ಸಾರ್, ಇಂಥವರನ್ನು ನೀವು ಮೊದಲು ನೋಡಿದ್ದೀರಾ? ಇಲ್ಲವಾದರೆ ನೀವು ಯಾರನ್ನು ಕೇಳುತ್ತೀರಿ?" ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ನಾನು ನೋಡಿಲ್ಲ, ಆದರೆ ಕೇಳಿ ಹೇಳುತ್ತೇನೆ" ಎನ್ನುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ. ಸಿನ್ಸಿನಾಟಿಯಲ್ಲೂ ಕಾಯಿಲೆ ಬಲ್ಲ ಡಾಕ್ಟರು ಮೊದಲೇ ತಯಾರಾಗಿ ಕೂತಿರಲಿಲ್ಲ. ರೋಗಿಗಳು ಬಂದರು, ಡಾಕ್ಟರು ಕಲಿತರು. ನಿಮ್ಮ ಕೈಯಲ್ಲಿರುವ ಆ ಫೈಲು ನಿಮ್ಮ ಜಿಲ್ಲೆಯ ಒಬ್ಬ ಡಾಕ್ಟರಿಗೆ ಮೊದಲ ಪಾಠ ಆಗಬಹುದು. ನಿಮ್ಮ ಹಿಂದೆ ಬರುವ ಎರಡನೆಯವಳಿಗೆ ಹುಡುಕಾಟ ಅಷ್ಟು ಕಡಿಮೆಯಾಗುತ್ತದೆ.