ವರ್ಷದ ಕೆಟ್ಟ ಪದ

ವರ್ಷದ ಕೊನೆ ಬಂತೆಂದರೆ 'ವರ್ಷದ ಪದ'ದ ಸುದ್ದಿ ಶುರು. ಆಕ್ಸ್‌ಫರ್ಡ್‌ನವರು 2013ರಲ್ಲಿ 'ಸೆಲ್ಫಿ' ಅಂದರು, 2024ರಲ್ಲಿ 'ಬ್ರೇನ್ ರಾಟ್' ಅಂದರು. ನಾವು ಎರಡು ದಿನ ಶೇರ್ ಮಾಡಿ ಮರೆತೆವು. ಈ ಆಟವನ್ನು ಮೊದಲು ಶುರುಮಾಡಿದ್ದು ಜರ್ಮನಿ. ಅಲ್ಲಿನ ಭಾಷಾ ಸಂಘ 1971ರಲ್ಲೇ ಒಂದು ಪದ ಆರಿಸಿತ್ತು: 'ಔಫ್‌ಮ್ಯುಪ್‌ಫಿಶ್', ಅಂದ್ರೆ ಹಿರಿಯರಿಗೆ ಎದುರು ಮಾತಾಡುವ, ತಿರುಗಿಬೀಳುವ. 1968ರ ವಿದ್ಯಾರ್ಥಿ ಚಳವಳಿಯ ಬಿಸಿ ಆಗಿನ್ನೂ ಆರಿರಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸುವುದು ಅದರ ತಮ್ಮ, 'ಉನ್‌ವೋರ್ಟ್'. ಹುಟ್ಟಲೇಬಾರದಿದ್ದ ಪದ ಅನ್ನಬಹುದೇನೋ. 1991ರಲ್ಲಿ ಫ್ರಾಂಕ್‌ಫರ್ಟ್‌ನ ಭಾಷಾಶಾಸ್ತ್ರಜ್ಞ ಹೋರ್ಸ್ಟ್ ಡೀಟರ್ ಶ್ಲೋಸರ್ ಶುರುಮಾಡಿದ್ದು. ಜನ ಪದಗಳನ್ನು ಕಳಿಸುತ್ತಾರೆ, ಸಣ್ಣದೊಂದು ತಂಡ ಆರಿಸುತ್ತದೆ. ಎಷ್ಟು ಜನ ಕಳಿಸಿದರು ಅನ್ನೋದು ಲೆಕ್ಕಕ್ಕಿಲ್ಲ. ಬೈಗುಳಗಳಿಗೂ ಇಲ್ಲಿ ಅಂಥ ಬೆಲೆಯಿಲ್ಲ. ಇವರು ಹುಡುಕೋದು ನೋಡಲಿಕ್ಕೆ ಸಭ್ಯವಾಗಿರುವ ಪದಗಳನ್ನ.

ಮೊದಲ ವರ್ಷದ್ದೇ ನೋಡಿ, 'ವಿದೇಶೀಯ ಮುಕ್ತ'. ಪ್ಲಾಸ್ಟಿಕ್ ಮುಕ್ತ, ಪೋಲಿಯೊ ಮುಕ್ತ ಅಂತೀವಲ್ಲ, ಹಾಗೆ. ಆ ಸೆಪ್ಟೆಂಬರ್‌ನಲ್ಲಿ ಹೊಯರ್ಸ್‌ವೆರ್ಡಾ ಎಂಬ ಊರಲ್ಲಿ ವಿಯೆಟ್ನಾಂ, ಮೊಜಾಂಬಿಕ್‌ನ ಕಾರ್ಮಿಕರು ಮತ್ತು ಆಶ್ರಯ ಕೇಳಿ ಬಂದವರು ಇದ್ದ ಹಾಸ್ಟೆಲ್‌ಗಳ ಮೇಲೆ ದಿನಗಟ್ಟಲೆ ದಾಳಿ ನಡೆಯಿತು. ಕೊನೆಗೆ ಆಡಳಿತದವರು ಅವರನ್ನೇ ಬಸ್ಸು ಹತ್ತಿಸಿ ಊರು ಬಿಡಿಸಿದರು. ದಾಳಿಕೋರರ ಪಾಲಿಗೆ ಊರು 'ಮುಕ್ತ'ವಾಯಿತು. ನಾತ್ಸಿಗಳು ಯೆಹೂದಿಗಳ ಬಗ್ಗೆ ಬಳಸಿದ್ದೂ ಇದೇ ಅಚ್ಚಿನ ಪದ.

2004ರ ಆಯ್ಕೆ ನಮ್ಮ ಆಫೀಸುಗಳಿಗೂ ತಾಗುವಂಥದ್ದು: 'ಹ್ಯೂಮನ್ ಕ್ಯಾಪಿಟಲ್'. ಮನುಷ್ಯನನ್ನು ಬರೀ ಬಂಡವಾಳವಾಗಿ ನೋಡುವ ಮಾತಿದು ಅಂತ ತಂಡದ ತಕರಾರು. ಅರ್ಥಶಾಸ್ತ್ರಜ್ಞರು ಸಿಟ್ಟಾದರು. ಜನರ ಓದು, ಕೌಶಲಕ್ಕೆ ಬೆಲೆಯಿದೆ ಅಂತ ಹೇಳಲಿಕ್ಕೇ ಆ ಪದ ಬಂದದ್ದು ಅನ್ನೋದು ಅವರ ವಾದ. ಅದರಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತೆ. ಆದರೆ ಮರುವರ್ಷ ಆಯ್ಕೆಯಾದ 'ವಜಾ ಉತ್ಪಾದಕತೆ'ಯನ್ನು ಯಾರು ಸಮರ್ಥಿಸ್ತಾರೆ? ಒಂದಷ್ಟು ಜನರನ್ನು ಮನೆಗೆ ಕಳಿಸಿ, ಉಳಿದವರಿಂದ ಅಷ್ಟೇ ಕೆಲಸ ತೆಗೆದಾಗ ಏರುವ ಅಂಕಿಗೆ ಈ ಹೆಸರು!

ನನ್ನನ್ನು ತುಂಬಾ ಕಾಡಿದ್ದು 2011ರ ಪದ, 'ಡೋನರ್ ಕೊಲೆಗಳು'. ಡೋನರ್ ಅಂದ್ರೆ ಟರ್ಕಿಯವರು ಜರ್ಮನಿಯಲ್ಲಿ ಮನೆಮಾತಾಗಿಸಿದ ಕಬಾಬ್. 2000ದಿಂದ 2006ರವರೆಗೆ ಒಂಬತ್ತು ಜನರನ್ನು ಗುಂಡಿಟ್ಟು ಕೊಂದರು. ಎಂಟು ಜನ ಟರ್ಕಿ ಮೂಲದವರು, ಒಬ್ಬ ಗ್ರೀಕ್. ಪತ್ರಿಕೆಗಳು ಸರಣಿಗೆ ಈ ಹೆಸರಿಟ್ಟವು. ಪೊಲೀಸರು ವರ್ಷಗಟ್ಟಲೆ ಮಾಫಿಯಾ, ಡ್ರಗ್ಸ್, ಸತ್ತವರ ಮನೆಯವರನ್ನೇ ಅನುಮಾನಿಸುತ್ತಾ ಕೂತರು. ಕೊಂದದ್ದು ನವನಾತ್ಸಿಗಳ ಗುಂಪು ಅಂತ ಗೊತ್ತಾಗಿದ್ದು 2011ರ ನವೆಂಬರ್‌ನಲ್ಲಿ. ಆ ಒಂಬತ್ತು ಜನರಲ್ಲಿ ಡೋನರ್ ಅಂಗಡಿಯಲ್ಲಿದ್ದವರು ಇಬ್ಬರೇ. ಉಳಿದವರಲ್ಲಿ ಒಬ್ಬರು ದರ್ಜಿ ಕೆಲಸ ಮಾಡುತ್ತಿದ್ದರು, ಒಬ್ಬರು ಬೀಗದ ಕೈ ಮಾಡುತ್ತಿದ್ದರು, ಒಬ್ಬ ಹುಡುಗ ಇಂಟರ್ನೆಟ್ ಕೆಫೆ ನೋಡಿಕೊಳ್ಳುತ್ತಿದ್ದ. ಮೊದಲು ಸತ್ತವರು ಹೂವಿನ ವ್ಯಾಪಾರಿ.