ಸಂತೆಯ ಸುಂಕವೂ ಕಾಯಕದ ಪೋಷಣೆಯೂ

ಶರಣಧರ್ಮದಲ್ಲಿ ಕಾಯಕವೆಂಬುದು ಕೇವಲ ಉದರಪೋಷಣೆಯ ಉಪಾಯವಲ್ಲ. ಬಟ್ಟೆಯನ್ನು ಮಡಿಮಾಡುವ ಮಾಚಿದೇವರೂ, ಬಿದಿರಿನ ಕೆಲಸದ ಮೇದಾರ ಕೇತಯ್ಯನವರೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಕಲ್ಯಾಣದ ಶರಣಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ದುಡಿದುದರ ಫಲವು ದಾಸೋಹವಾಗಿ ಸಮಾಜಕ್ಕೆ ಮರಳಬೇಕೆಂದು ಅವರು ನಡೆದು ತೋರಿಸಿದರು. ವ್ಯಕ್ತಿಗೆ ಸಲ್ಲುವ ಈ ನಿಯಮವು ಊರಿನ ಆಡಳಿತಕ್ಕೂ ಸಲ್ಲತಕ್ಕದ್ದು. ಕಾಯಕದಿಂದ ಎತ್ತಿದ ಸುಂಕವು ಕಾಯಕದ ಪೋಷಣೆಗೆ ಮರಳಬೇಕು. ಹಾಸನ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನಗಳುಂಟು.

ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದಲ್ಲಿ ನಗರ ಜಿನಾಲಯವೆಂಬ ಬಸದಿಯಿದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವನು ಕ್ರಿ. ಶ. 1195ರ ಸುಮಾರಿನಲ್ಲಿ ಇದನ್ನು ಕಟ್ಟಿಸಿದನು. ಇದರ ರಕ್ಷಣೆಯ ಹೊಣೆಯು ಅಲ್ಲಿನ ‘ನಗರ’, ಎಂದರೆ ವರ್ತಕರ ಸಮೂಹಕ್ಕೆ ಸೇರಿದ್ದುದರಿಂದಲೇ ಈ ಹೆಸರು. ಪಟ್ಟಣದ ಮುಖ್ಯಸ್ಥನು ವರ್ತಕರನ್ನು ಸುಂಕ ಕೊಡುವವರೆಂದಷ್ಟೇ ಎಣಿಸದೆ ಊರಿನ ಹೊಣೆಯಲ್ಲಿ ಪಾಲುಗಾರರನ್ನಾಗಿ ಮಾಡಿಕೊಂಡನೆಂಬುದು ಇದರಿಂದ ವಿದಿತವಾಗುತ್ತದೆ.

ಏಳು ಶತಮಾನಗಳ ತರುವಾಯ, 1911ನೆಯ ಇಸವಿ ಜೂನ್ ತಿಂಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರು ಸಂಪದಭ್ಯುದಯ ಸಮಾಜವನ್ನು ಉದ್ಘಾಟಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರ ಆಲೋಚನೆಯಿಂದ ಹುಟ್ಟಿದ ಈ ಸಂಸ್ಥೆಯು ವ್ಯವಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಬೇರೆ ಬೇರೆ ಸಮಿತಿಗಳನ್ನು ನಿಯಮಿಸಿತು. ಜಿಲ್ಲೆ ತಾಲ್ಲೂಕುಗಳಲ್ಲಿಯೂ ಸಮಿತಿಗಳು ಏರ್ಪಟ್ಟವು. 1913ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯೂ ಮೈಸೂರು ಬ್ಯಾಂಕೂ ಸ್ಥಾಪಿತವಾದವು. ಕಬ್ಬಿನ ಗಾಣ, ಭತ್ತದ ಯಂತ್ರ ಮೊದಲಾದುವುಗಳಿಗೆ ಸರ್ಕಾರವು ಸಾಲ ಕೊಡುವ ಪದ್ಧತಿಯೂ ಬೆಳೆಯಿತು. ಉದ್ದೇಶವು ಘನವಾದುದೇ, ಆದರೆ ಕೆಳಗಿನ ಸಮಿತಿಗಳನ್ನು ಬಹುಮಟ್ಟಿಗೆ ಅಧಿಕಾರಿಗಳೇ ನಡೆಯಿಸುತ್ತಿದ್ದರು. ಮಗ್ಗದವನೂ ಸಂತೆಗೆ ಬುಟ್ಟಿ ಹೊತ್ತು ಬರುವವಳೂ ಆ ಪೀಠದಿಂದ ದೂರವೇ ಉಳಿದರು.

ಈ ಕೊರತೆಯು ಮೆಲ್ಲಮೆಲ್ಲನೆ ನೀಗುತ್ತ ಬಂದಿದೆ. 1926ರ ಗ್ರಾಮಪಂಚಾಯತಿ ಶಾಸನವು ಹಳ್ಳಿಯ ಸಭೆಗಳಿಗೆ ಬಲವನ್ನು ಕೊಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯೂ ಕರ್ಣಾಟಕದ ಪಂಚಾಯತ್ ರಾಜ್ ಶಾಸನವೂ 1993ರಲ್ಲಿ ಜಾರಿಗೆ ಬಂದವು. ಸಣ್ಣ ಕೈಗಾರಿಕೆ, ಗೃಹೋದ್ಯೋಗ, ಸಂತೆ ಜಾತ್ರೆಗಳು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಸೇರಿವೆ. ಪಟ್ಟಣಗಳ ಬೀದಿ ವ್ಯಾಪಾರಿಗಳಿಗಾಗಿ 2014ರ ಶಾಸನವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ವ್ಯಾಪಾರದ ಸ್ಥಳಗಳ ವಿಷಯದಲ್ಲಿ ಆಲೋಚಿಸುವ ಪಟ್ಟಣ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳಿಂದಲೇ ಚುನಾಯಿತರಾಗಿರಬೇಕೆಂದೂ, ಅವರಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರಿರಬೇಕೆಂದೂ ವಿಧಿಸಿತು.

ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗು, ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಹೇಮಾವತೀ ತೀರದ ಭತ್ತ ಇವುಗಳನ್ನು ನೆಚ್ಚಿ ಬದುಕುವವರು ರೈತರು ಮಾತ್ರವಲ್ಲ. ಮೂಟೆ ಹೊರುವವರು, ಗಾಡಿ ಹೊಡೆಯುವವರು, ತಕ್ಕಡಿ ಹಿಡಿಯುವವರು, ಚಿಲ್ಲರೆ ಅಂಗಡಿಯವರು ಎಲ್ಲರೂ ಉಂಟು. ಇವರು ಬೇಡುವುದು ದಾನವನ್ನಲ್ಲ. ಕುಳಿತುಕೊಳ್ಳಲು ನೆಲೆ, ಬಿಸಿಲು ಮಳೆಗೆ ಮಾಡು, ಕುಡಿಯುವ ನೀರು, ಸ್ತ್ರೀಯರಿಗೆ ಶೌಚದ ಅನುಕೂಲ, ಸರಿಯಾದ ತೂಕ, ರಸೀತಿಯುಳ್ಳ ಸುಂಕ, ಅಲ್ಪ ಬಡ್ಡಿಯ ಸಾಲ, ಇಷ್ಟೇ. ಸಂತೆಯ ಹರಾಜಿನಿಂದ ಬಂದ ಹಣವು ಸಂತೆಯ ಕೆಸರನ್ನು ಕೂಡ ನೀಗಿಸದೆ ಹೋದರೆ ಅದು ತೆರಿಗೆಯಾದೀತೇ ಹೊರತು ದಾಸೋಹವಾಗದು.

ಶಾಸನಗಳು ಬಾಗಿಲನ್ನು ತೆರೆದಿವೆ. ಒಳಹೋಗಿ ಕುಳಿತುಕೊಳ್ಳಬೇಕಾದವರು ಜನರೇ. ಶ್ರೀಮಠದ ಭಕ್ತರಲ್ಲಿ ಪಂಚಾಯತಿಯ ಸದಸ್ಯರೂ ಇದ್ದಾರೆ, ಸಂತೆಯಲ್ಲಿ ಚಾಪೆ ಹಾಸುವವರೂ ಇದ್ದಾರೆ. ಮಠದ ಪಂಕ್ತಿಯಲ್ಲಿ ಜೊತೆಗೂಡಿ ಪ್ರಸಾದ ಸ್ವೀಕರಿಸುವ ಇವರೀರ್ವರು ಊರಿನ ಸಭೆಯಲ್ಲಿಯೂ ಜೊತೆಯಾಗಿ ಕುಳಿತು ಸುಂಕದ ಲೆಕ್ಕವನ್ನು ನೋಡುವಂತಾದರೆ, ಈ ಮಹೋತ್ಸವವು ಸಾರ್ಥಕವಾಗುವುದು.