ಮಣ್ಣಿನೊಳಗಿನ ಬಳಗ: ಒಂದು ಗಣಿತದ ಚರಿತ್ರೆ

ಜೂಜುವಾಡಿಯಿಂದ ಅತ್ತಿಬೆಲೆಯ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ರಾಜ್ಯ ಬದಲಾಗುತ್ತದೆ, ಮಣ್ಣು ಬದಲಾಗುವುದಿಲ್ಲ. ನಮ್ಮ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. ಹೊಸೂರಿಗೆ ಕಾರ್ಖಾನೆಗಳು ಬಂದ ಮೇಲಂತೂ ನೆರೆಮನೆಯವರು ಯಾವ ಸೀಮೆಯವರೆಂಬುದನ್ನು ಕೇಳಿಯೇ ತಿಳಿಯಬೇಕಾಗಿದೆ. ನಂಟರಲ್ಲದವರು ಕೂಡಿ ಬಾಳುವುದು ನಮಗೆ ನಿತ್ಯದ ಸಂಗತಿ. ಜೀವಶಾಸ್ತ್ರಕ್ಕಾದರೋ ಅದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಆ ಒಗಟನ್ನು ಲೆಕ್ಕದಿಂದ ಬಿಡಿಸಹೊರಟವರ ಚರಿತ್ರೆಯನ್ನು, ಅದರಲ್ಲಿಯೂ ಬೆಂಗಳೂರಿನವರು ವಹಿಸಿದ ಪಾತ್ರವನ್ನು, ವಾಚಕರ ಮುಂದಿಡುವುದು ಈ ಬರೆಹದ ಉದ್ದೇಶ.

ಕಥೆಯ ನಾಯಕನು ಬರಿಗಣ್ಣಿಗೆ ಕಾಣದ ಒಂದು ಅಮೀಬ. 1869ರಲ್ಲಿ ಜರ್ಮನಿಯ ಬ್ರೆಫೆಲ್ಡನು ಇದರ ಕುಲಕ್ಕೆ ಡಿಕ್ಟಿಯೋಸ್ಟೀಲಿಯಮ್ ಎಂದು ಹೆಸರಿಟ್ಟನು. 1935ರಲ್ಲಿ ಅಮೆರಿಕದ ಕೆನೆತ್ ರೇಪರ್ ವರ್ಣಿಸಿದ ಡಿಸ್ಕಾಯ್ಡಿಯಮ್ ಎಂಬ ಪ್ರಭೇದವೇ ಮುಂದೆ ಪ್ರಯೋಗಶಾಲೆಗಳಲ್ಲೆಲ್ಲ ಮನೆಮಾಡಿತು. ತೇವದ ಮಣ್ಣು, ಕೊಳೆತ ಎಲೆ, ಪ್ರಾಣಿಗಳ ಲದ್ದಿ ಇದರ ವಾಸಸ್ಥಾನ. ಬ್ಯಾಕ್ಟೀರಿಯಗಳೇ ಇದರ ಆಹಾರ. ಆಹಾರವಿರುವವರೆಗೂ ಪ್ರತಿಯೊಂದು ಅಮೀಬವೂ ತನ್ನ ಪಾಡಿಗೆ ತಾನು ತಿಂದು ಇಬ್ಭಾಗವಾಗುತ್ತಿರುತ್ತದೆ. ಆಹಾರ ತೀರಿತೋ, ಒಂದು ವಿಚಿತ್ರ ನಡೆಯುತ್ತದೆ. ಸಾವಿರಾರು ಅಮೀಬಗಳು ಒಂದು ಕೇಂದ್ರದತ್ತ ಹರಿದುಬಂದು ಗುಡ್ಡೆಯಾಗಿ, ಕೆಲವೇ ಮಿಲಿಮೀಟರ್ ಎತ್ತರದ ಕಡ್ಡಿಯನ್ನೂ ಅದರ ತುದಿಯಲ್ಲಿ ಬೀಜಾಣುಗಳ ಗುಂಡನ್ನೂ ಕಟ್ಟುತ್ತವೆ. ಬೀಜಾಣುಗಳಾದವು ಒಳ್ಳೆಯ ದಿನಗಳಿಗಾಗಿ ಕಾದು ಬದುಕುತ್ತವೆ. ಕಡ್ಡಿಯಾದವು ಸಾಯುತ್ತವೆ. ಡಿಸ್ಕಾಯ್ಡಿಯಮ್ಮಿನಲ್ಲಿ ಹೀಗೆ ಸಾಯುವವು ಸುಮಾರಾಗಿ ಐದರಲ್ಲಿ ಒಂದು ಪಾಲು.

ಅವು ಕೂಡುವ ಬಗೆಯೇ ಮೊದಲು ಗಣಿತಕ್ಕೆ ವಿಷಯವಾಯಿತು. ಅಮೀಬಗಳು ತಾವು ಸೂಸಿದ ರಾಸಾಯನಿಕದ ಜಾಡು ಹಿಡಿದೇ ಕೂಡುತ್ತವೆಂದು 1947ರಲ್ಲಿ ಜಾನ್ ಟೈಲರ್ ಬಾನರ್ ತೋರಿಸಿದರು; ಆ ವಸ್ತು ಸೈಕ್ಲಿಕ್ ಎ.ಎಂ.ಪಿ. ಎಂಬುದು 1967ರಲ್ಲಿ ತಿಳಿಯಿತು. 1970ರಲ್ಲಿ ಎವೆಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೀಗಲ್ ಇದಕ್ಕೆ ಸಮೀಕರಣಗಳನ್ನು ಬರೆದರು. ಸಮನಾಗಿ ಹರಡಿದ್ದ ಅಮೀಬಗಳ ಹರಹು ಒಂದು ಮಿತಿ ದಾಟಿದೊಡನೆ ತನ್ನಷ್ಟಕ್ಕೆ ಅಸ್ಥಿರವಾಗಿ ಗುಂಪುಗಟ್ಟುವುದೆಂಬುದು ಅವರ ನಿರ್ಣಯ. ಅದೇ ಸಮೀಕರಣಗಳನ್ನು ಕೊನೆಯವರೆಗೂ ಎಳೆದರೆ ಗುಂಪೆಲ್ಲ ಒಂದೇ ಬಿಂದುವಿಗೆ ಕುಸಿಯಬೇಕಾಗುತ್ತದೆಂದು 1973ರಲ್ಲಿ ಸೂಚಿಸಿದವರು ವಿದ್ಯಾನಂದ ನಂಜುಂಡಯ್ಯನವರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಈ ವಿದ್ವಾಂಸರ ಸೂಚನೆಯನ್ನು ಗಣಿತಜ್ಞರು ದಶಕಗಳ ಕಾಲ ಚರ್ಚಿಸಿದ್ದಾರೆ.

ಆದರೆ ಹೇಗೆ ಕೂಡುತ್ತವೆ ಎಂಬುದಕ್ಕಿಂತ ಏಕೆ ಕೂಡುತ್ತವೆ ಎಂಬುದು ಕಠಿಣತರವಾದ ಪ್ರಶ್ನೆ. ಸಾಯುವವನಿಗೆ ಸಂತತಿಯಿಲ್ಲ, ಸಂತತಿಯಿಲ್ಲದವನ ಗುಣ ಮುಂದಿನ ಪೀಳಿಗೆಗೆ ದಾಟುವುದೆಂತು?

ಇದಕ್ಕೆ ಉತ್ತರದ ಎಳೆಯೊಂದು ಜೆ. ಬಿ. ಎಸ್. ಹಾಲ್ಡೇನರ 1955ರ ಲೇಖನವೊಂದರಲ್ಲಿದೆ. ಹೊಳೆಯಲ್ಲಿ ಮುಳುಗುತ್ತಿರುವ ಮಗುವಿಗಾಗಿ ನೀವು ಧುಮುಕುತ್ತೀರಿ. ನೀವೇ ಮುಳುಗುವ ಸಂಭವ ಹತ್ತರಲ್ಲಿ ಒಂದು. ಮಗು ನಿಮ್ಮದೋ ನಿಮ್ಮ ಒಡಹುಟ್ಟೋ ಆದರೆ, ನಿಮ್ಮನ್ನು ಧುಮುಕಿಸಿದ ಗುಣಬೀಜ ಅದರಲ್ಲಿಯೂ ಇರುವ ಸಂಭವ ಅರ್ಧ. ಆಗ ಆ ಬೀಜ ಒಂದು ಕಡೆ ನಾಶವಾದರೆ ಐದು ಕಡೆ ಉಳಿಯುತ್ತದೆ. ತಾವು ಎರಡು ಸಲ ನೀರಿನಿಂದ ಜನರನ್ನು ಎತ್ತಿದಾಗ ಇಂತಹ ಲೆಕ್ಕ ಹಾಕಲು ತಮಗೆ ವೇಳೆಯಿರಲಿಲ್ಲವೆಂದೂ ಹಾಲ್ಡೇನರು ಅಲ್ಲಿಯೇ ಸೇರಿಸಿದ್ದಾರೆ. ಆ ಮಾತಿಗಾಗಿಯೇ ನಮಗೆ ಅವರು ಅಚ್ಚುಮೆಚ್ಚು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಅವರು ಭುವನೇಶ್ವರದಲ್ಲಿ ತೀರಿಕೊಂಡದ್ದು 1964ರಲ್ಲಿ. ಅದೇ ವರ್ಷ ವಿಲಿಯಂ ಹ್ಯಾಮಿಲ್ಟನ್ ಈ ಎಳೆಯನ್ನು ಸೂತ್ರವಾಗಿ ನೇಯ್ದರು: ನಂಟಿನ ಪ್ರಮಾಣದಿಂದ ಉಪಕಾರವನ್ನು ಗುಣಿಸಿದಾಗ ಬರುವ ಮೊತ್ತ ತ್ಯಾಗಕ್ಕಿಂತ ಹೆಚ್ಚಾಗಿದ್ದರೆ ಪರೋಪಕಾರ ಬೆಳೆಯುತ್ತದೆ.

ಗುಂಪಿನ ಅಮೀಬಗಳೆಲ್ಲ ಒಂದೇ ತಾಯಿಯಿಂದ ಒಡೆದವಾದರೆ ನಂಟಿನ ಪ್ರಮಾಣ ಪೂರ್ತಿ ಒಂದು. ಆಗ ಒಗಟೇ ಇಲ್ಲ. ಬೆರಳಿನ ಜೀವಕೋಶ ದೇಹಕ್ಕಾಗಿ ಸತ್ತರೆ ನಾವು ಬೆರಗಾಗುತ್ತೇವೆಯೆ? ತೊಡಕಿರುವುದು ಗುಂಪು ಬೆರಕೆಯಾದಾಗ. ನಾವೇ ಕಲ್ಪಿಸಿದ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಎರಡು ತಳಿಗಳು, ಒಂದೊಂದರಲ್ಲಿ 500 ಅಮೀಬಗಳು. ಕಡ್ಡಿಗೆ 200 ಬೇಕು. ಮೊದಲನೆಯ ತಳಿ 150 ಕೊಟ್ಟು, ಎರಡನೆಯದು 50 ಮಾತ್ರ ಕೊಟ್ಟಿತೆನ್ನಿ. ಬೀಜಾಣುಗಳಲ್ಲಿ ಮೊದಲನೆಯದರವು 350, ಎರಡನೆಯದರವು 450. ಮುಂದಿನ ಪೀಳಿಗೆಯಲ್ಲಿ ಜಿಪುಣ ತಳಿ ನೂರಕ್ಕೆ 56ರಷ್ಟಾಗುತ್ತದೆ. ಇದೇ ನಡೆ ಮುಂದುವರಿದರೆ ಕೊಡುವ ತಳಿ ಅಳಿದು ಜಿಪುಣರೇ ಉಳಿಯುತ್ತಾರೆ. ಕಡ್ಡಿಗೆ ಹೋಗುವವರು ನೂರಕ್ಕೆ ಹತ್ತೇ ಆಗುತ್ತಾರೆ. ಕಡ್ಡಿ ಗಿಡ್ಡವಾದರೆ ಬೀಜಾಣುಗಳು ಹರಡುವುದೂ ಕಷ್ಟ.

ಇದು ಕೇವಲ ಕಾಗದದ ಭಯವಾಗಿರಲಿಲ್ಲ. ನಿಸರ್ಗದಿಂದ ತಂದ ತಳಿಗಳನ್ನು ಬೆರೆಸಿ, ಕೆಲವು ತಮ್ಮ ನ್ಯಾಯವಾದ ಪಾಲನ್ನು ಕಡ್ಡಿಗೆ ಕೊಡದೆ ನುಣುಚಿಕೊಳ್ಳುವುದನ್ನು 2000ದಲ್ಲಿ ಜೋನ್ ಸ್ಟ್ರಾಸ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಯೀಸ್ಟಿನಲ್ಲಿಯೂ ಇಂತಹದೇ ಆಟವುಂಟು. ಸಕ್ಕರೆಯನ್ನು ಅದು ತನ್ನ ಹೊರಮೈಯಲ್ಲಿ ಒಡೆಯುವುದರಿಂದ ದುಡಿಮೆಯ ಬಹುಪಾಲು ನೆರೆಯವರಿಗೆ ಹರಿದುಹೋಗುತ್ತದೆ. ಒಡೆಯುವವನ ಕೈಯಲ್ಲಿ ಉಳಿಯುವುದು ನೂರಕ್ಕೆ ಒಂದರಷ್ಟು ಮಾತ್ರ. ಆ ಒಂದು ಪಾಲಿನ ಬಲದಿಂದಲೇ ದುಡಿಯುವವನು ಅಳಿಯದೆ ನುಣುಚುವವನೊಡನೆ ಉಳಿದುಕೊಳ್ಳುತ್ತಾನೆಂದು 2009ರಲ್ಲಿ ಜೆಫ್ ಗೋರ್ ಮತ್ತು ಸಂಗಡಿಗರು ಕಂಡುಕೊಂಡರು. ಇಂತಹ ಲೆಕ್ಕಕ್ಕೆ ಆಟದ ಸಿದ್ಧಾಂತವೆಂದು ಹೆಸರು. ಹೆಸರಿನ ಮೊದಲಿಗೇ ಜೂಜನ್ನು ಇರಿಸಿಕೊಂಡ ಊರಿನವರಿಗೆ ಅದು ಅಷ್ಟೇನೂ ಪರಕೀಯವೆನಿಸಲಾರದು!

ಬೆಂಗಳೂರಿನಲ್ಲಿ ಈ ವಿಚಾರ ಬೇರೊಂದು ದಾರಿ ಹಿಡಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಅವರು ರೊಪಾಲಿಡಿಯ ಮಾರ್ಜಿನೇಟ ಎಂಬ ನಮ್ಮ ನಾಡಿನ ಕಣಜವನ್ನು ಬಹುಕಾಲದಿಂದ ಅಭ್ಯಸಿಸುತ್ತಿದ್ದರು. 1994ರಲ್ಲಿ ಅವರೂ ಬಾನರರೂ ಜೊತೆಯಾಗಿ ಸಾಮಾಜಿಕ ಕೀಟಗಳನ್ನೂ ಸಾಮಾಜಿಕ ಅಮೀಬಗಳನ್ನೂ ತೂಗಿ ನೋಡಿದ ಲೇಖನವೊಂದನ್ನು ಪ್ರಕಟಿಸಿದರು. 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ನಂಜುಂಡಯ್ಯನವರು, ಇಸ್ರೇಲಿನ ಅಮೋಟ್ಸ್ ಜಹಾವಿ ಮೊದಲಾದವರೊಡನೆ, ಇನ್ನೂ ಧೀರವಾದ ವಾದವನ್ನು ಮಂಡಿಸಿದರು: ಕಡ್ಡಿಯಾಗುವುದನ್ನು ಬಳಗಕ್ಕಾಗಿ ಮಾಡಿದ ತ್ಯಾಗವೆಂದೇ ತಿಳಿಯಬೇಕಾಗಿಲ್ಲ, ಒಂದೊಂದು ಜೀವಿಯ ಸ್ವಂತ ಲಾಭನಷ್ಟದಿಂದಲೂ ಅದನ್ನು ವಿವರಿಸಬಹುದು. ಕಡಿಮೆ ಉಂಡು ಬೆಳೆದ ಅಮೀಬಗಳೇ ಹೆಚ್ಚಾಗಿ ಕಡ್ಡಿಗೆ ಹೋಗುತ್ತವೆಂಬುದು ಪ್ರಯೋಗಗಳಿಂದ ಮೊದಲೇ ತಿಳಿದಿತ್ತು. ನಾವು ತ್ಯಾಗವೆಂದು ಕರೆದದ್ದರಲ್ಲಿ ಹಸಿವಿನ ಪಾಲೆಷ್ಟೆಂದು ಕೇಳದೆ ಬಿಡಬಾರದೆಂಬುದು ನಮ್ಮ ಅಭಿಪ್ರಾಯ.

ಇಷ್ಟಾದರೂ ಕಾಡಿನ ಸಾಕ್ಷ್ಯ ಬೇಕಿತ್ತು. ಬೆರಕೆ ಗುಂಪುಗಳು ಪ್ರಯೋಗಶಾಲೆಯ ಕೃತಕ ಸೃಷ್ಟಿಯೋ, ಮಣ್ಣಿನಲ್ಲಿಯೂ ಉಂಟೋ? ನಂಜುಂಡಯ್ಯನವರೂ ಸಂತೋಷ್ ಸಾಠೆ ಮೊದಲಾದ ಅವರ ಸಂಗಡಿಗರೂ ನೀಲಗಿರಿ ಜಿಲ್ಲೆಯ ಮುದುಮಲೆಗೆ ಹೋದರು. ಮುದುಮಲೆಯೂ ನಮ್ಮ ಜೂಜುವಾಡಿಯಂತೆ ಗಡಿಯ ನೆಲವೇ. ಪಕ್ಕದ ಬಂಡೀಪುರ ಕರ್ನಾಟಕದ್ದು. ಅಲ್ಲಿನ ಮಣ್ಣನ್ನೂ ಪ್ರಾಣಿಗಳ ಲದ್ದಿಯನ್ನೂ ತಂದು ಅವುಗಳಲ್ಲಿ ಎದ್ದ ಕಡ್ಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ, 2010ರಲ್ಲಿ ಫಲವನ್ನು ಪ್ರಕಟಿಸಿದರು. ಕೂದಲೆಳೆಯಂತಹ ಒಂದೇ ಕಡ್ಡಿಯ ತಲೆಯ ಮೇಲೆ ಬೇರೆಬೇರೆ ತಳಿಗಳ ಬೀಜಾಣುಗಳಿದ್ದವು. ಒಂದೇ ತಳಿಯ ಗುಂಪುಗಳೂ ಇದ್ದವು; ಆದರೆ ಬೆರಕೆಯೆಂಬುದು ಅಪರೂಪದ ಅಪಘಾತವಾಗಿರಲಿಲ್ಲ.

ಹಾಗಾದರೆ ಜಿಪುಣ ತಳಿ ಉಳಿದವರನ್ನೆಲ್ಲ ಏಕೆ ನುಂಗಿಲ್ಲ? ಜೈಗಾಂಟಿಯಮ್ ಎಂಬ ಪ್ರಭೇದದ ತಳಿಗಳನ್ನು ಜೋಡಿಜೋಡಿಯಾಗಿ ಬೆರೆಸಿ 2006ರಲ್ಲಿಯೂ 2018ರಲ್ಲಿಯೂ ಅವರು ಪ್ರಕಟಿಸಿದ ಬರೆಹಗಳಲ್ಲಿ ಉತ್ತರದ ಸುಳಿವಿದೆ. ಗೆಲುವಿಗೆ ಒಂದೇ ಅಳತೆಯಿಲ್ಲ. ಬೆಳೆಯುವ ವೇಗ, ಕೂಡುವ ವೇಗ, ಬೀಜಾಣುವಾಗುವ ಸಾಮರ್ಥ್ಯ, ಮತ್ತೆ ಮೊಳೆಯುವ ಸಾಮರ್ಥ್ಯ ಇವೆಲ್ಲವೂ ಬೇರೆಬೇರೆ. ಒಂದರಲ್ಲಿ ಮುಂದಿರುವ ತಳಿ ಮತ್ತೊಂದರಲ್ಲಿ ಹಿಂದುಳಿಯಬಹುದು. ನಮ್ಮ ಮೇಲಿನ ಲೆಕ್ಕ ಬೀಜಾಣುಗಳನ್ನು ಎಣಿಸಿ ನಿಂತಿತು. ನಿಸರ್ಗ ಅಲ್ಲಿಂದ ಮುಂದೆಯೂ ಎಣಿಸುತ್ತದೆ. ಹ್ಯಾಮಿಲ್ಟನ್ನರ ಸೂತ್ರ ಇದರಿಂದ ಸುಳ್ಳಾಗಲಿಲ್ಲ. ಆದರೆ ನಂಟೊಂದೇ ಎಲ್ಲಕ್ಕೂ ಉತ್ತರವೆಂಬ ನೆಮ್ಮದಿ ಹೋಯಿತು.

ಅಮೀಬದ ನಡತೆಯನ್ನು ಮನುಷ್ಯರಿಗೆ ಅಂಟಿಸುವ ಚಾಪಲ್ಯ ನಮಗಿಲ್ಲ. ಆದರೂ ಮಳೆಗಾಲದ ಸಂಜೆ ತಿಪ್ಪೆಯ ಪಕ್ಕದಲ್ಲಿ ಹಾದುಹೋಗುವಾಗ ನಮ್ಮ ಹೆಜ್ಜೆ ಈಚೆಗೆ ಸ್ವಲ್ಪ ತಡೆಯುತ್ತದೆ. ಅಲ್ಲಿ ಎಲ್ಲಿಯೋ ಒದ್ದೆ ಎಲೆಯೊಂದರ ಅಡಿಯಲ್ಲಿ ಆಹಾರ ತೀರುತ್ತಿರಬಹುದು, ಕರೆ ಹೊರಟಿರಬಹುದು, ಒಂದು ತಾಯಿಯವಲ್ಲದ ಸಾವಿರಾರು ಅಮೀಬಗಳು ಒಂದು ಕಡ್ಡಿಯನ್ನು ಕಟ್ಟಲು ಹೊರಟಿರಬಹುದು.